ಆರ್. ನರಸಿಂಹಾಚಾರ್: ಪ್ರಕಟಣೆಯ ನೀತಿ ಮತ್ತು ಪರಿಷ್ಕರಣದ ಹೊಣೆ

ಕನ್ನಡ ಸಾಹಿತ್ಯ ಚರಿತ್ರೆಗೆ ಖಚಿತವಾದ ತಳಹದಿ ಹಾಕಿದವರಲ್ಲಿ ಆರ್. ನರಸಿಂಹಾಚಾರ್ (1860-1936) ಪ್ರಮುಖರು. 1906ರಲ್ಲಿ ಬಿ.ಎಲ್. ರೈಸರ ತರುವಾಯ ಮೈಸೂರು ಪ್ರಾಕ್ತನ ಇಲಾಖೆಯ ಹೊಣೆ ವಹಿಸಿಕೊಂಡು 1922ರವರೆಗೆ ಅದನ್ನು ನಿರ್ವಹಿಸಿದರು. 1918ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಈ ಸಂಗತಿಗಳು ಸರ್ವವಿದಿತ. ಒಮ್ಮೆ ಅಚ್ಚಾದ ಸಂಶೋಧನೆಯ ವಿಷಯದಲ್ಲಿ ಅವರು ನಡೆದುಕೊಂಡ ರೀತಿ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಎಸ್.ಜಿ. ನರಸಿಂಹಾಚಾರ್ ಅವರ ಸಹಕರ್ತೃತ್ವದಲ್ಲಿ ಹೊರಬಂದಿತು. ಅದೇ ವರ್ಷ ಸಹಕರ್ತೃ ತೀರಿಕೊಂಡರು. ಮುಂದಿನ ಸಂಪುಟಗಳನ್ನು (1919, 1929) ಆರ್. ನರಸಿಂಹಾಚಾರ್ ಒಬ್ಬರೇ ಸಿದ್ಧಪಡಿಸಬೇಕಾಯಿತು. ಕವಿಯ ಕಾಲ ಊಹೆಯಿಂದ ನಿಂತಿರುವೆಡೆ ಇಸವಿಯ ಹಿಂದೆ 'ಸು.' ಎಂಬ ಗುರುತು ಇರುತ್ತದೆ. ಕುಮಾರವ್ಯಾಸನ ಕಾಲವೂ ಹಾಗೆಯೇ ನಮೂದಾಗಿದೆ. ಆಧಾರವೆಷ್ಟೋ ಅಷ್ಟೇ ಹೇಳಿಕೆ ಎಂಬ ಈ ಸಂಯಮವನ್ನು, ಆ ಇಸವಿಗಳನ್ನು ಎತ್ತಿಕೊಂಡ ಅನೇಕ ಪಠ್ಯಪುಸ್ತಕಗಳು ಉಳಿಸಿಕೊಳ್ಳಲಿಲ್ಲ, 'ಸು.' ಬಿಟ್ಟುಹೋಗಿ ಊಹೆಯೇ ನಿರ್ಣಯವಾಯಿತು. ಗ್ರಂಥಕರ್ತರಾದರೋ ಹೊಸ ಸಾಮಗ್ರಿ ದೊರೆತಂತೆ ಮೊದಲ ಸಂಪುಟವನ್ನೇ ಪರಿಷ್ಕರಿಸಿ 1924ರಲ್ಲಿ ಮತ್ತೆ ಪ್ರಕಟಿಸಿದರು. ಅರವತ್ತು ದಾಟಿದ ಮೇಲೆ, ಪ್ರಮಾಣವೆಂದು ಆಗಲೇ ಒಪ್ಪಿತವಾಗಿದ್ದ ಸ್ವಂತ ಗ್ರಂಥವನ್ನು ಬಿಚ್ಚಿ ಕಟ್ಟುವುದು ಸುಲಭದ ಕೆಲಸವಲ್ಲ.

ಅನ್ಯರ ಕೃತಿಯನ್ನು ತಿದ್ದುವಾಗ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ರೈಸರು 1889ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಎರಡನೆಯ ಸಂಪುಟವಾಗಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ್ದರು. ನರಸಿಂಹಾಚಾರ್ ಅವರ ಪರಿಷ್ಕರಣ 1923ರಲ್ಲಿ ಹೊರಬಂದಾಗ ಶಾಸನಗಳ ಸಂಖ್ಯೆ 500ಕ್ಕೆ ಏರಿತ್ತು. ರೈಸರು ಆಗ ಇನ್ನೂ ಜೀವಂತರಾಗಿದ್ದರು. ಇಷ್ಟು ಬೆಳೆದ ಗ್ರಂಥವನ್ನು ಸ್ವತಂತ್ರ ಕೃತಿಯಂತೆ ಮುಂದಿಡಲು ಅವಕಾಶವಿತ್ತು. ಅದು ಅದೇ ಮಾಲೆಯಲ್ಲಿ, ಅದೇ ಸಂಪುಟದ ಪರಿಷ್ಕೃತ ಆವೃತ್ತಿಯಾಗಿಯೇ ಬಂದಿತು. ಕ್ರಮಾಂಕಗಳು ಬದಲಾದವು, ಹಳೆಯವು ಅಳಿಯಲಿಲ್ಲ. ರೈಸರಲ್ಲಿ 54ನೆಯದಾಗಿದ್ದ ಮಲ್ಲಿಷೇಣ ಪ್ರಶಸ್ತಿ ಇಲ್ಲಿ 67 (54) ಆಯಿತು. ಆವರಣದೊಳಗಿನ ಆ ಪುಟ್ಟ ಅಂಕಿಯಿಂದ ಓದುಗನು ಯಾವ ಪಾಠ ಎಲ್ಲಿ ಬದಲಾಯಿತೆಂದು ತಾನೇ ಹೋಲಿಸಿ ನೋಡಬಹುದು. 1889ರ ಸಂಪುಟವನ್ನು ಉಲ್ಲೇಖಿಸಿದ ಹಳೆಯ ಲೇಖನಗಳೂ ನಿರುಪಯುಕ್ತವಾಗಲಿಲ್ಲ. ಪೂರ್ವಸೂರಿಗಳ ಋಣವನ್ನು ಮುನ್ನುಡಿಯ ಸೌಜನ್ಯದಲ್ಲಿ ಮುಗಿಸುವವರು ಹಲವರು. ಇಲ್ಲಿ ಅದು ಶಾಸನ ಶಾಸನಕ್ಕೂ ದಾಖಲಾಗಿದೆ.

ನರಸಿಂಹಾಚಾರ್ 1936ರಲ್ಲಿ ನಿಧನರಾದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅದೇ ಸಂಪುಟವನ್ನು 1973ರಲ್ಲಿ ಮತ್ತೆ ಪರಿಷ್ಕರಿಸಿದಾಗ ಶಾಸನಗಳು 573 ಆಗಿದ್ದವು.