ಡಾ. ಒಬೈದ್ ಸಿದ್ದಿಖಿ

ಭಾರತದಲ್ಲಿ ಅಣುಜೀವವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಅಗ್ರಗಣ್ಯರೂ, ಬೆಂಗಳೂರನ್ನು ಆ ಶಾಸ್ತ್ರದ ನೆಲೆವೀಡಾಗಿ ಮಾಡಿದವರೂ ಆದ ಡಾ. ಒಬೈದ್ ಸಿದ್ದಿಖಿಯವರು 1932ರಲ್ಲಿ ಇಂದಿನ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಜನಿಸಿದರು. ಅಲೀಗಢ ಮುಸ್ಲಿಂ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಅವರು ಮುಂದೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋದಿಯ ತಳಿಶಾಸ್ತ್ರವನ್ನು ಕೈಗೊಂಡರು. ಪ್ರಯೋಗಕ್ಕೆಂದು ಬೆಳೆಸಿದ್ದ ಪೈರು ಆಲಿಕಲ್ಲಿನ ಮಳೆಗೆ ಸಿಕ್ಕಿ ನೆಲಕಚ್ಚಿತು. ಕಣ್ಣೆದುರಿನ ಬೆಳೆ ಕೈಗೆಟುಕದೆ ಹೋಗುವ ಸಂಕಟವೇನೆಂಬುದನ್ನು ಸೊಕ್ಕೆ, ಜಗಳೂರು ಸೀಮೆಯ ಒಕ್ಕಲುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿದ್ದಿಖಿಯವರು ಹೊಲವನ್ನು ಬಿಟ್ಟು, ಗಾಜಿನ ತಟ್ಟೆಯಲ್ಲಿ ಕೆಲವೇ ದಿನಗಳಲ್ಲಿ ಬೆಳೆಯುವ ಬೂಷ್ಟಿನ ಕಡೆಗೆ ತಿರುಗಿದರು; ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪೊಂಟೆಕೋರ್ವೋ ಎಂಬ ಆಚಾರ್ಯರ ಬಳಿ ಸಂಶೋಧನೆ ನಡೆಸಿ 1961ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಬಳಿಕ ಅಮೆರಿಕದಲ್ಲಿ ಅಲನ್ ಗ್ಯಾರೆನ್ನರೊಡನೆ ಬ್ಯಾಕ್ಟೀರಿಯಾಗಳ ಮೇಲೆ ನಡೆಸಿದ ಕಾರ್ಯವೇ ಅವರಿಗೆ ಚಿರಕೀರ್ತಿಯನ್ನು ತಂದಿತು. ಅದನ್ನು ಓಲೆಗರಿಯ ದೃಷ್ಟಾಂತದಿಂದ ತಿಳಿಯಬಹುದು. ಡಿಎನ್‌ಎ ಮೂಲಪ್ರತಿ, ಆರ್‌ಎನ್‌ಎ ಅದರಿಂದ ಇಳಿಸಿಕೊಂಡ ನಕಲು. ನಕಲಿನ ಅಕ್ಷರಗಳನ್ನು ಮೂರು ಮೂರಾಗಿ ಓದಿಕೊಂಡು ಜೀವಕೋಶವು ಪ್ರೋಟೀನನ್ನು ಕಟ್ಟುತ್ತದೆ. ಮೂಲಪ್ರತಿಯಲ್ಲಿ ಒಂದು ಅಕ್ಷರ ಕೆಟ್ಟು ವಾಕ್ಯದ ನಡುವೆಯೇ ಪೂರ್ಣವಿರಾಮ ಬಿದ್ದರೆ ಪ್ರೋಟೀನು ಅರ್ಧಕ್ಕೇ ನಿಂತುಹೋಗುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಆ ದೋಷವು ಹಾಗೆಯೇ ಉಳಿದಿದ್ದರೂ, ಬೇರೊಂದು ವಂಶವಾಹಿಯಲ್ಲಾದ ಬದಲಾವಣೆಯಿಂದ ಪ್ರೋಟೀನು ಮತ್ತೆ ಸಿದ್ಧವಾಗುವುದನ್ನು ಇವರಿಬ್ಬರು ಕಂಡು 1962ರಲ್ಲಿ ಪ್ರಕಟಿಸಿದರು. ದೋಷವನ್ನು ತಿದ್ದಿದವರಿಲ್ಲ, ಓದುವವನು ಮಾತ್ರ ಬೇರೆ! ಈ ಓದುಗನು ರೂಪಾಂತರಗೊಂಡ ವಾಹಕ ಆರ್‌ಎನ್‌ಎ ಎಂಬುದು 1965ರ ಹೊತ್ತಿಗೆ ಇತರರ ಪ್ರಯೋಗಗಳಿಂದ ಸ್ಥಿರಪಟ್ಟಿತು. ಆರ್‌ಎನ್‌ಎಯು ಓಲೆ ಹೊತ್ತು ತರುವ ಆಳು ಮಾತ್ರವಲ್ಲ, ಓಲೆಯ ಆಜ್ಞೆ ನಡೆಯಬೇಕೋ ನಿಲ್ಲಬೇಕೋ ಎಂಬುದರಲ್ಲಿ ಅದಕ್ಕೂ ಅಧಿಕಾರವುಂಟು. ವಂಶವಾಹಿಗಳ ಬಾಯಿ ಕಟ್ಟುವ ಸೂಕ್ಷ್ಮ ಆರ್‌ಎನ್‌ಎಗಳನ್ನು ಕಂಡುಹಿಡಿದವರಿಗೆ 2024ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಡುವೆ ಬಿದ್ದ ಪೂರ್ಣವಿರಾಮದಿಂದಲೇ ಹುಟ್ಟುವ ಕೆಲವು ಆನುವಂಶಿಕ ರೋಗಗಳಿಗೆ ಈ ಓದುಗ ಆರ್‌ಎನ್‌ಎಯನ್ನೇ ಮದ್ದಾಗಿಸುವ ಪ್ರಯತ್ನಗಳೂ ನಡೆದಿವೆ.

ಹೊರದೇಶದಲ್ಲಿಯೇ ನೆಲೆನಿಲ್ಲಬಹುದಾಗಿದ್ದ ಸಿದ್ದಿಖಿಯವರು ಹೋಮಿ ಭಾಭಾ ಅವರ ಕರೆಗೆ ಓಗೊಟ್ಟು 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿ, ಅಲ್ಲಿ ಅಣುಜೀವವಿಜ್ಞಾನ ವಿಭಾಗವನ್ನು ಕಟ್ಟಿದರು. ಮುಂದೆ ಸೀಮೋರ್ ಬೆನ್ಜರರೊಡಗೂಡಿ, ಶಾಖ ಏರಿದೊಡನೆ ನಿಶ್ಚೇಷ್ಟಿತವಾಗಿ ತಂಪಾದೊಡನೆ ಚೇತರಿಸಿಕೊಳ್ಳುವ ಹಣ್ಣಿನ ನೊಣಗಳನ್ನು ಅಭ್ಯಸಿಸಿದರು. ವೆರೋನಿಕಾ ರೋಡ್ರಿಗ್ಸ್ ಎಂಬ ಶಿಷ್ಯೆಯೊಡನೆ ಅವುಗಳ ರುಚಿ ಮತ್ತು ವಾಸನೆಗಳ ಮರ್ಮವನ್ನರಸಿದರು.

1990ರ ದಶಕದ ಆರಂಭದಲ್ಲಿ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ಅಸ್ತಿತ್ವಕ್ಕೆ ಬಂದಿತು. ಕೃಷಿ ಸಂಸ್ಥೆಯ ಹೊಲವನ್ನು ಬಿಟ್ಟುಬಂದವರ ಈ ಕೇಂದ್ರಕ್ಕೆ ಕೊನೆಗೆ ಸ್ಥಳ ದೊರೆತದ್ದು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ! 2006ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. ವಯಸ್ಸು ಎಂಬತ್ತು ದಾಟಿದರೂ ಅವರು ಪ್ರಯೋಗಶಾಲೆಯನ್ನು ಬಿಟ್ಟಿರಲಿಲ್ಲ. ಬೆಂಗಳೂರಿನ ರಸ್ತೆಯೊಂದರಲ್ಲಿ ವಾಹನ ಬಡಿದು ತೀವ್ರವಾಗಿ ಗಾಯಗೊಂಡ ಅವರು 2013ರ ಜುಲೈ 26ರಂದು ಕಾಲವಶರಾದರು.