ಸೂಜಿಗೆ ಅವರ ಹೆಸರು, ಹಿಡಿದುಕೊಳ್ಳುವ ಕೆಲಸ ನಮ್ಮದು

ನರ್ಸಿಂಗ್ ಓದುವಾಗ ನಾನು ಮಾಡಿದ ಒಂದು ತಪ್ಪನ್ನು ಇವತ್ತಿಗೂ ಮರೆತಿಲ್ಲ. ಚಿಂತಾಮಣಿ ಕಡೆಯ ಮಗುವೊಂದು ಜ್ವರ, ಫಿಟ್ಸ್ ಬಂದು ವಾರ್ಡಿಗೆ ಸೇರಿತ್ತು. ಮಿದುಳು ಜ್ವರವೇ ಎಂದು ತಿಳಿಯಲು ಬೆನ್ನಿನಿಂದ ನೀರು ತೆಗೆಯಬೇಕಿತ್ತು. ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಗಿಸಿ ಹಿಡಿದುಕೊಳ್ಳುವುದು ನನ್ನ ಕೆಲಸ. ಅದರ ಅಳು ಕೇಳಲಾರದೆ ಹಿಡಿತ ಸಡಿಲಿಸಿದೆ. ಮಗು ಅಲುಗಿತು, ಡಾಕ್ಟರು ಮತ್ತೊಮ್ಮೆ ಚುಚ್ಚಬೇಕಾಯಿತು. ಸಂಜೆ ಶಿಡ್ಲಘಟ್ಟದ ಬಸ್ಸಿನಲ್ಲಿ, ಈ ಕೆಲಸ ನನ್ನಿಂದಾಗದು, ಅಮ್ಮನ ಜೊತೆ ರೇಷ್ಮೆ ನೂಲು ತೆಗೆಯುವುದೇ ವಾಸಿ ಎಂದುಕೊಂಡೆ.

ರಾತ್ರಿ ಪುಸ್ತಕ ತೆರೆದರೆ ಅದೇ ಸೂಜಿಯ ಹೆಸರು ಕಂಡಿತು: ಕ್ವಿಂಕೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಹೆಸರು. ಅದರ ಹಿಂದೆ ಒಬ್ಬ ಮನುಷ್ಯ ಇದ್ದನೆಂದು ಅಂದೇ ಹೊಳೆದದ್ದು.

ಹೈನ್ರಿಖ್ ಕ್ವಿಂಕೆ 1842ರಲ್ಲಿ ಜರ್ಮನಿಯ ಓಡರ್ ನದಿ ದಂಡೆಯ ಫ್ರಾಂಕ್‌ಫರ್ಟ್‌ನಲ್ಲಿ ವೈದ್ಯರ ಮಗನಾಗಿ ಹುಟ್ಟಿದರು. 1872ರಲ್ಲಿ ನಾಯಿಗಳ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೆಂಪು ಬಣ್ಣದ ಪುಡಿ ಸೇರಿಸಿ, ಆ ದ್ರವಕ್ಕೂ ಮಿದುಳಿನ ಸುತ್ತಲಿನ ದ್ರವಕ್ಕೂ ಸಂಪರ್ಕವಿದೆ ಎಂದು ತೋರಿಸಿದರು. ಮರುವರ್ಷ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಪ್ರಾಧ್ಯಾಪಕರಾದರು. 1878ರಿಂದ 1908ರವರೆಗೆ ಕೀಲ್ ನಗರದಲ್ಲಿ ಪಾಠ ಮಾಡುತ್ತಾ ರೋಗಿಗಳನ್ನು ನೋಡಿದರು.

ಹಳೆಯ ಆ ಪ್ರಯೋಗ ಫಲ ಕೊಟ್ಟದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ. ತಲೆಯಲ್ಲಿ ನೀರು ತುಂಬಿ ಒತ್ತಡ ಹೆಚ್ಚಿದ ಮಕ್ಕಳಿಗೆ ಉಪಶಮನ ಕೊಡಲು ಅವರು ಸೊಂಟದ ಮೂಳೆಗಳ ನಡುವೆ ಸೂಜಿ ಹಾಕಿದರು. 1891ರಲ್ಲಿ ವೈದ್ಯರ ಸಮ್ಮೇಳನದಲ್ಲಿ ಇದನ್ನು ವಿವರಿಸಿದರು. ಅದೇ ಕಾಲದಲ್ಲಿ ಲಂಡನ್ನಿನ ವಿಂಟರ್ ಎಂಬ ವೈದ್ಯರು ಚರ್ಮ ಸೀಳಿ ಕೊಳವೆ ಹಾಕುತ್ತಿದ್ದರು. ಕ್ವಿಂಕೆಗೆ ಬರೀ ಸೂಜಿ ಸಾಕಾಯಿತು. ಅವರು ದ್ರವದ ಒತ್ತಡ ಅಳೆದರು, ಅದರಲ್ಲಿನ ಸಕ್ಕರೆ, ಪ್ರೋಟೀನ್ ನೋಡಿದರು. ಉಪಶಮನಕ್ಕೆಂದು ಶುರುವಾದದ್ದು ರೋಗ ಪತ್ತೆಯ ದಾರಿಯಾಯಿತು. 1922ರಲ್ಲಿ ಅವರು ತೀರಿಕೊಂಡರು.

ನಮ್ಮ ಸೀಮೆಗೂ ಆ ದಾರಿ ಬೇಕಾಯಿತು. ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ 1970ರ ದಶಕದ ಕೊನೆಯಲ್ಲಿ ಆ ಜಿಲ್ಲೆಯನ್ನು ಜಪಾನೀಸ್ ಮಿದುಳು ಜ್ವರ ಕಾಡಿತ್ತು. ಇವತ್ತಿಗೂ ಆ ಕಾಯಿಲೆ ಗುರುತಿಸಲು ಬೆನ್ನಿನ ನೀರಿನ ಪರೀಕ್ಷೆ ಮುಖ್ಯ.

ಕ್ವಿಂಕೆಯ ಕತೆ ಓದಿದ ಮೇಲೆ ನನಗೆ ಒಂದು ಅರ್ಥವಾಯಿತು. ಸೂಜಿ ಎಷ್ಟೇ ಒಳ್ಳೆಯದಿರಲಿ, ರೋಗಿ ಅಲುಗಿದರೆ ಅದು ಗುರಿ ಮುಟ್ಟದು. ಮೊಣಕಾಲು ಎದೆಗೆ, ಗಲ್ಲ ಕುತ್ತಿಗೆಗೆ ಬಂದರೆ ಬೆನ್ನುಮೂಳೆಗಳ ನಡುವೆ ಜಾಗ ತೆರೆಯುತ್ತದೆ. ಮಗುವಾದರೆ ಕತ್ತು ಅತಿಯಾಗಿ ಬಗ್ಗದಂತೆ, ಉಸಿರಾಟ ಕಟ್ಟದಂತೆ ನೋಡಿಕೊಳ್ಳಬೇಕು. ಅಳುವ ಮಗುವನ್ನು ಗಟ್ಟಿಯಾಗಿ ಹಿಡಿಯುವುದು ಕ್ರೌರ್ಯವಲ್ಲ, ಎರಡನೇ ಚುಚ್ಚು ತಪ್ಪಿಸುವ ಕರುಣೆ.

ಚಿಂತಾಮಣಿಯ ಮಗು ಗುಣವಾಗಿ ಮನೆಗೆ ಹೋಯಿತು. ನಾನು ಕೋರ್ಸ್ ಬಿಡಲಿಲ್ಲ. ಮೊನ್ನೆ ಗೌರಿಬಿದನೂರಿನ ಅಜ್ಜರೊಬ್ಬರು, ಬೆನ್ನಿಗೆ ಚುಚ್ಚಿದರೆ ಕಾಲು ಬೀಳುತ್ತದೆ ಎಂದು ಹೆದರಿ ಸಹಿ ಹಾಕಲು ಒಪ್ಪಲಿಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಮೊದಲ ಇಲ್ಲವೇ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ ಎಂದು ನನ್ನ ಸೊಂಟ ಮುಟ್ಟಿ ತೋರಿಸಿದೆ. ಆಮೇಲೆ ತಲೆನೋವು ಬರಬಹುದು, ಬಂದರೆ ಹೇಳಿ ಎಂದೂ ಮುಚ್ಚಿಡದೆ ತಿಳಿಸಿದೆ. ಅಜ್ಜ ಒಪ್ಪಿದರು. ಪರೀಕ್ಷೆ ಮುಗಿದ ಮೇಲೆ ಚುಚ್ಚಿದ ಜಾಗದಿಂದ ನೀರು ಸೋರುತ್ತಿದೆಯೇ, ಕಾಲುಗಳಲ್ಲಿ ಸ್ಪರ್ಶ ಇದೆಯೇ ಎಂದು ಮತ್ತೆ ಮತ್ತೆ ಹೋಗಿ ನೋಡಿದೆ.

ಗೆಳೆಯರೇ, ಮೊದಲ ತಪ್ಪಿಗೇ ಓದನ್ನೋ ಕೆಲಸವನ್ನೋ ಬಿಡುವ ಯೋಚನೆ ನಿಮಗೂ ಬರಬಹುದು. ಮರುದಿನ ಹೋಗಿ, ಇನ್ನೊಮ್ಮೆ ತೋರಿಸಿಕೊಡಿ ಎಂದು ಕೇಳಿ. ನಾನೂ ಕೇಳಿದ್ದು ಅಷ್ಟೇ.