ಸಾಂಬಾ ರಾಣಿ ಕಾರ್ಮೆನ್ ಮಿರಾಂಡಾ

ಕಾರ್ಮೆನ್ ಮಿರಾಂಡಾ 1909ರಲ್ಲಿ ಪೋರ್ಚುಗಲ್‌ನಲ್ಲಿ ಜನಿಸಿದರು. ಹಸುಗೂಸಾಗಿದ್ದಾಗಲೇ ಬ್ರೆಜಿಲ್‌ನ ರಿಯೊ ಡಿ ಜನೈರೊ ಸೇರಿದರು. ಚಿಕ್ಕ ವಯಸ್ಸಿನಲ್ಲೇ ಅಂಗಡಿ ಕೆಲಸಕ್ಕೆ ಹೋಗಿ ಟೋಪಿ ತಯಾರಿಸಲು ಕಲಿತರು. 1930ರಲ್ಲಿ ಅವರ ಹಾಡಿನ ರೆಕಾರ್ಡ್ ಬ್ರೆಜಿಲ್‌ನಲ್ಲಿ ಮನೆಮಾತಾಯಿತು.

ಬಹಿಯಾ ಪ್ರಾಂತ್ಯದ ಬೀದಿಗಳಲ್ಲಿ ತಿಂಡಿ ಮಾರುವ ಕಪ್ಪು ಮಹಿಳೆಯರ ಉಡುಪು, ಮುಂಡಾಸುಗಳನ್ನು 1939ರ ಒಂದು ಚಿತ್ರದಲ್ಲಿ ತೊಟ್ಟರು. ಮುಂಡಾಸಿನ ಮೇಲಿನ ಹಣ್ಣುಗಳೇ ಮುಂದೆ ಅವರ ಗುರುತಾದವು. ಅದೇ ವರ್ಷ ಅಮೆರಿಕಕ್ಕೆ ಹೋಗಿ ಹೆಸರು ಮಾಡಿದರು. ಆದರೆ 1940ರಲ್ಲಿ ರಿಯೊಗೆ ಮರಳಿ ವೇದಿಕೆ ಹತ್ತಿದಾಗ ಚಪ್ಪಾಳೆ ಬರಲಿಲ್ಲ. ಅವರು ಅಮೆರಿಕದವರಂತಾಗಿದ್ದಾರೆ ಎಂಬುದು ಜನರ ದೂರು. ಮನನೊಂದರೂ ಸುಮ್ಮನಾಗದೆ, ಆ ದೂರಿಗೆ ಸಾಂಬಾ ಹಾಡಿನಲ್ಲೇ ಉತ್ತರ ಕೊಟ್ಟರು.

1943ರ ಹಾಲಿವುಡ್ ಚಿತ್ರ ‘ದಿ ಗ್ಯಾಂಗ್ಸ್ ಆಲ್ ಹಿಯರ್’ನ ನೃತ್ಯಗಳನ್ನು ಸಂಯೋಜಿಸಿದವರು ಬಸ್ಬಿ ಬರ್ಕ್ಲಿ. ದೈತ್ಯಾಕಾರದ ಬಾಳೆಹಣ್ಣುಗಳನ್ನು ಹಿಡಿದ ನರ್ತಕಿಯರ ಸಾಲುಗಳು ಅಲೆಗಳಂತೆ ಏಳುತ್ತವೆ, ಬಾಗುತ್ತವೆ. ಆದರೂ ನಮ್ಮ ನೋಟ ಮಿರಾಂಡಾ ಅವರ ಕಣ್ಣು, ಬೆರಳುಗಳ ಮೇಲೇ ನಿಲ್ಲುತ್ತದೆ. ಹಾಡಿನ ಭಾಷೆ ತಿಳಿಯದವರಿಗೂ ತಾಳ ತಿಳಿಯುತ್ತದೆ.

1955ರಲ್ಲಿ 46ನೇ ವಯಸ್ಸಿನಲ್ಲಿ ಅವರು ಅಮೆರಿಕದಲ್ಲಿ ನಿಧನರಾದರು. ಪಾರ್ಥಿವ ಶರೀರ ರಿಯೊ ತಲುಪಿದಾಗ, ಒಮ್ಮೆ ಮುನಿಸಿಕೊಂಡಿದ್ದ ಅದೇ ನಗರದ ಬೀದಿಗಳು ಕಣ್ಣೀರಿಡುವ ಜನರಿಂದ ತುಂಬಿಹೋದವು.